ನಿಮ್ಮ ಬೀದಿಯಲ್ಲಿ ಎಷ್ಟು ಒಲೆ ಹತ್ತುತ್ತೆ? ಮೈಸೂರಿನ ಬಡಾವಣೆಗಳ ಜನ, ಮನೆ, ನೆಲದ ಲೆಕ್ಕ

ಚಾಮರಾಜಪುರಂ ವಾಸಿ

ಎಲ್ಲರಿಗೂ ನಮಸ್ಕಾರ. 2027ರ ಜನಗಣತಿಗೆ ಮುಂಚೆ ಮನೆಪಟ್ಟಿ ಮಾಡೋಕೆ ಬಾಗಿಲಿಗೆ ಬರ್ತಾರೆ. ಹಿಂದಿನ ಗಣತಿ ಆಗಿದ್ದು 2011ರಲ್ಲಿ. ಆಗ ಮೈಸೂರು ಮತ್ತು ಅದಕ್ಕೆ ಅಂಟಿಕೊಂಡ ಊರುಗಳೆಲ್ಲ ಸೇರಿ ಸುಮಾರು 9.9 ಲಕ್ಷ ಜನ. 2001ರಲ್ಲಿ 8 ಲಕ್ಷದ ಹತ್ತಿರ ಇತ್ತು. ಆಮೇಲೆ ಇನ್ನೊಂದು ಜನಗಣತಿ ಆಗಿಲ್ಲ. ಈಗಲೂ ಕಚೇರಿಗಳಲ್ಲಿ ನೀರು, ಕಸ, ಒಳಚರಂಡಿ ಅಂದರೆ ಆ ಹಳೇ ಲೆಕ್ಕವನ್ನೇ ಮುಂದಿಟ್ಟುಕೊಂಡು ಅಂದಾಜು ಹಾಕ್ತಾರೆ.

ನನ್ನ ಮನಸ್ಸಿಗೆ ಇದು ಹತ್ತಿದ್ದು ಹೋದ ತಿಂಗಳು. ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ಬಂತು. ಸಂಜೆ ಏಳೂಕಾಲು ಇರಬಹುದು, ನಾನು ಗೇಟಿನ ಹತ್ತಿರ ನಿಂತಿದ್ದೆ. ಎಲ್ಲ ಮನೆ ದೀಪ ಒಟ್ಟಿಗೆ ಹತ್ತಬೇಕಲ್ಲ, ಹತ್ತಲಿಲ್ಲ. ನಮ್ಮ ಬೀದಿಯಲ್ಲಿ 38 ಗೇಟು. ದೀಪ ಬಂದಿದ್ದು 23ರಲ್ಲಿ. ಕತ್ತಲಾಗೇ ಉಳಿದ 15ರಲ್ಲಿ ನಾಲ್ಕು ಕ್ಲಿನಿಕ್ಕು, ಆಫೀಸು, ಅವತ್ತು ಬಾಗಿಲು ಹಾಕಿದ್ದವು. ಮಿಕ್ಕ ಹನ್ನೊಂದು ಮನೆಗೆ ಬೀಗ. ಅದರಲ್ಲಿ ಒಂದು ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಹದಿನಾಲ್ಕು ಜನ ಇದ್ದರು. ಹಬ್ಬದ ದಿನ ಜಗಲಿ ಮೇಲೆ ಕೂರೋಕೆ ಜಾಗ ಸಿಗ್ತಿರಲಿಲ್ಲ.

ಈ ಬಡಾವಣೆ ಹುಟ್ಟಿದ ಕಾಲ ನೆನೆಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಗಾಳಿ ಬೆಳಕು ಆಡಬೇಕು, ಜನ ಒತ್ತೊತ್ತಾಗಿ ಇರಬಾರದು ಅಂತ ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಕಸ, ಮಲ ತೆಗೆಯೋರು ಓಡಾಡೋಕೆ ಬಿಟ್ಟ ಓಣಿ), ದೊಡ್ಡ ಸೈಟು. ಜನರಿಗೆ ಉಸಿರಾಡೋಕೆ ಅಂತ ಕಟ್ಟಿದ ಬೀದಿಗಳಲ್ಲೇ ಈಗ ಉಸಿರಾಡೋರಿಲ್ಲ.

ನನ್ನ ಕೋರಿಕೆ ಇಷ್ಟೆ. ನಿಮ್ಮ ನಿಮ್ಮ ಬಡಾವಣೆ ಬಗ್ಗೆ ಬರೀರಿ. ನೆಲ ಯಾವ ಕಡೆ ಇಳಿಯುತ್ತೆ, ಮಳೆ ನೀರು ಎಲ್ಲಿಗೆ ಹೋಗುತ್ತೆ, ಎಷ್ಟು ಬಾಗಿಲು, ಎಷ್ಟು ಒಲೆ, ಎಷ್ಟು ಬೀಗ.

ಗಣತಿ ಮೇಷ್ಟ್ರು

ಮೇಡಂ, ಒಳ್ಳೇ ಮಾತು ಎತ್ತಿದ್ದೀರಿ. ನಾನು 2010ರ ಮನೆಪಟ್ಟಿಗೂ 2011 ಫೆಬ್ರವರಿಯ ಎಣಿಕೆಗೂ ಓಡಾಡಿದವನು, ಈಗ ನಿವೃತ್ತ. "ಗೇಟು" ಎಣಿಸಿದಿರಲ್ಲ, ಗಣತಿಯವರು ಹಾಗೆ ಎಣಿಸೋದಿಲ್ಲ. ಅದನ್ನು ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡ್ತಾರೆ.

ಕಟ್ಟಡ ಬೇರೆ, ಮನೆ ಬೇರೆ, ಕುಟುಂಬ ಬೇರೆ. ಒಂದೇ ಕಟ್ಟಡದಲ್ಲಿ ರಸ್ತೆಯಿಂದಲೋ, ಎಲ್ಲರೂ ಓಡಾಡೋ ಅಂಗಳದಿಂದಲೋ, ಮೆಟ್ಟಿಲಿಂದಲೋ ಪ್ರತ್ಯೇಕ ಬಾಗಿಲಿದ್ದು ಬೇರೆಯಾಗಿ ಬಳಕೆಯಲ್ಲಿದ್ದರೆ ಅದು ಗಣತಿಗೆ ಒಂದು ಮನೆ. ಅಂಗಡಿಯಾದರೂ ಸರಿ, ಕ್ಲಿನಿಕ್ಕಾದರೂ ಸರಿ, ಖಾಲಿ ಬಿದ್ದಿದ್ದರೂ ಸರಿ. ಆ ಮನೆಯೊಳಗೆ ಒಂದೇ ಅಡುಗೆಮನೆಯಲ್ಲಿ ಉಣ್ಣೋರು ಒಂದು ಕುಟುಂಬ. ಅಣ್ಣ ತಮ್ಮ ಒಂದೇ ಸೂರಿನಡಿ ಇದ್ದು ಒಲೆ ಬೇರೆಯಾಗಿದ್ದರೆ ಎರಡು ಕುಟುಂಬ. ನೀವು ಒಲೆ ಎಣಿಸಿ ಅಂದಿದ್ದು ಆ ಲೆಕ್ಕದಲ್ಲಿ ಸರಿಯಾಗಿದೆ.

ನಮಗೆ ಕೊಡುತ್ತಿದ್ದ ಬ್ಲಾಕಿನಲ್ಲಿ ಆರೇಳು ನೂರು ಜನ ಬರೋರು. ಮೊದಲು ಕೈಯಲ್ಲೇ ನಕಾಶೆ ಬರೀಬೇಕಿತ್ತು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ಮನೆ ಬಾಗಿಲ ಮೇಲೆ ನಂಬರು, ಹದಿನಾಲ್ಕನೇ ಕಟ್ಟಡದ ಎರಡನೇ ಮನೆ ಅಂದರೆ 14(2). ನನಗೆ ಕೊಟ್ಟಿದ್ದ ಜಾಗದಲ್ಲಿ ಒಂದು ಹಳೇ ವಠಾರ ಇತ್ತು. ಹೊರಗಿನಿಂದ ಒಂದೇ ಬಾಗಿಲು, ಒಳಗೆ ಅಂಗಳ, ಸುತ್ತ ಒಂಬತ್ತು ಮನೆ, ಮಧ್ಯೆ ಒಂದು ನಲ್ಲಿ. ಹೊರಗೆ ನಿಂತು ನೋಡಿದವನಿಗೆ ಒಂದು, ಒಳಗೆ ಹೋದವನಿಗೆ ಒಂಬತ್ತು.

ಬೀಗದ ಮನೆಯಲ್ಲೂ ಎರಡು ತರ ಇದೆ. ಮನೆಯವರು ಊರಿಗೆ ಹೋಗಿದ್ದಾರೆ ಅಂದರೆ ವಾಸ ಇರೋ ಮನೆ, ಸದ್ಯಕ್ಕೆ ಬೀಗ. ಯಾರೂ ಇಲ್ಲವೇ ಇಲ್ಲ ಅಂದರೆ ಖಾಲಿ ಮನೆ. ಪಕ್ಕದ ಮನೆಯವರನ್ನ ಕೇಳಿ ಬರ್ಕೋಬೇಕು. 2011ರ ಗಣತಿಯಲ್ಲಿ ಇಡೀ ದೇಶದಲ್ಲಿ 33 ಕೋಟಿ ಮನೆ, ಅದರಲ್ಲಿ ಸುಮಾರು 2.47 ಕೋಟಿ ಖಾಲಿ ಅಂತ ಬಂತು. ನಿಮ್ಮ ಬೀದಿಯ ಹನ್ನೊಂದು ಬೀಗವೂ ಅಂಥದ್ದೇ ಸಾಲಿಗೆ ಸೇರುತ್ತೆ.

ಇನ್ನೊಂದು. 2011 ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನ ಎಣಿಸಿದ್ವಿ. ಅಂಗಡಿ ಮುಂಗಟ್ಟಿನ ಕೆಳಗೆ ಮಲಗಿದ್ದ ಒಬ್ಬ ಅಜ್ಜಿಯನ್ನ ಟಾರ್ಚ್ ಹಿಡಿದು ಎಬ್ಬಿಸಬೇಕಾಯ್ತು. "ಮನೆ ಎಲ್ಲಮ್ಮ?" ಅಂತ ರೂಢಿಯಲ್ಲಿ ಕೇಳಿಬಿಟ್ಟೆ. ಅವರು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಚೀಲವನ್ನ ಒಂದು ಸಲ ಮುಟ್ಟಿ ನೋಡಿಕೊಂಡರು. ಇವತ್ತಿಗೂ ಮರೆತಿಲ್ಲ.

ಕೊಪ್ಪಲಿನವನು

ಮೇಡಂ ನಮ್ಮ ಕನ್ನೇಗೌಡನ ಕೊಪ್ಪಲಿಗೆ ಬನ್ನಿ, ಬೀಗ ಹುಡುಕಿದ್ರೂ ಸಿಗಲ್ಲ. ನಮ್ಮ ತಾತನ ಹೊಲ ಬಡಾವಣೆಗೆ ಹೋಯ್ತು, ಉಳಿದಿದ್ದು ಊರೊಳಗಿನ ಮನೆ ಜಾಗ ಒಂದೆ. ಮೊದಲು ಹೆಂಚಿನ ಮನೆ, ಮುಂದೆ ಕೊಟ್ಟಿಗೆ. ಈಗ ಅದೇ ಜಾಗದಲ್ಲಿ ನಾಲ್ಕು ಅಂತಸ್ತು. ಕೆಳಗೆ ನಾವು, ಮೇಲೆಲ್ಲ ಓದೋ ಹುಡುಗರು. ಮಾನಸಗಂಗೋತ್ರಿ, ಅಂದ್ರೆ ಯೂನಿವರ್ಸಿಟಿ ಕ್ಯಾಂಪಸ್ಸು ಹತ್ತಿರ ಅಲ್ವಾ, ಎಲ್ಲ ಜಿಲ್ಲೆಯವರೂ ಇದ್ದಾರೆ. ಬೀದಿ ಮಾತ್ರ ಎತ್ತಿನ ಗಾಡಿ ಕಾಲದ್ದು. ಆಂಬ್ಯುಲೆನ್ಸ್ ಒಳಗೆ ಬರಲ್ಲ, ನಮ್ಮಪ್ಪನಿಗೆ ಎದೆ ನೋವು ಬಂದಾಗ ಕುರ್ಚಿಯಲ್ಲಿ ಕೂರಿಸಿ ಮೈನ್ ರೋಡಿಗೆ ಹೊತ್ತುಕೊಂಡು ಹೋದ್ವಿ.

ಪಡುವಾರಹಳ್ಳಿ, ಒಂಟಿಕೊಪ್ಪಲು, ಕುಕ್ಕರಹಳ್ಳಿ, ತೊಣಚಿಕೊಪ್ಪಲು, ಹೆಸರು ನೋಡಿದರೇ ಗೊತ್ತಾಗುತ್ತೆ ಇವೆಲ್ಲ ಹಳ್ಳಿಗಳು. ಸಿಟಿ ಬೆಳೆದು ನಮ್ಮನ್ನ ಸುತ್ತುವರಿದದ್ದು. ಮೇಷ್ಟ್ರೇ, ಈ ಹುಡುಗರನ್ನ ಎಲ್ಲಿ ಎಣಿಸ್ತೀರಿ? ಇಲ್ಲೋ ಅವರ ಊರಲ್ಲೋ?

ಗಣತಿ ಮೇಷ್ಟ್ರು

ಎಣಿಕೆ ಕಾಲದಲ್ಲಿ ಎಲ್ಲಿ ವಾಸ ಇದ್ದಾರೋ ಅಲ್ಲೇ, ಕೊಪ್ಪಲಿನವರೇ. ಹಾಸ್ಟೆಲ್ಲು, ಮೆಸ್ಸು ಇದ್ದ ಕಡೆ ಅದಕ್ಕೆ ಸಾಂಸ್ಥಿಕ ಕುಟುಂಬ ಅಂತ ಬೇರೆ ಹೆಸರು. ಕಷ್ಟ ಏನಂದ್ರೆ ಮಾಲೀಕರು "ಇಲ್ಲಿ ಯಾರೂ ಇಲ್ಲ ಸಾರ್, ನಾವೇ ಇರೋದು" ಅಂದುಬಿಡ್ತಾರೆ. ಮನೆಕಂದಾಯ ಜಾಸ್ತಿ ಹಾಕ್ತಾರೆ ಅನ್ನೋ ಭಯ. ಗಣತಿ ಮಾಹಿತಿಯನ್ನ ತೆರಿಗೆಗೆ ಬಳಸೋ ಹಾಗಿಲ್ಲ, ಕಾನೂನೇ ಇದೆ. ದಯವಿಟ್ಟು ಹುಡುಗರನ್ನ ಬರೆಸಿ. ನಲವತ್ತು ಜನ ಇರೋ ಕಡೆ ನಾಲ್ಕೇ ಜನ ಅಂತ ಬರೆಸಿದರೆ ನೀರಿನ ಪೈಪೂ ನಾಲ್ಕು ಜನರಿಗೆ ಸಾಕಾಗುವಷ್ಟೇ ಬರುತ್ತೆ.

ಅಶೋಕಪುರಂ ಹುಡುಗಿ

ಎಲ್ಲರದ್ದೂ ಓದಿದೆ. ಚಾಮರಾಜಪುರಂ ಅಮ್ಮ, ನಿಮ್ಮ ಬೀದಿಯ ಬೀಗ ನೋಡಿ ನಿಮಗೆ ಆಗಿರೋ ಸಂಕಟ ನಿಜ. ನನ್ನದೂ ಸ್ವಲ್ಪ ಕೇಳಿ.

ನಮ್ಮದು ರೈಲ್ವೆ ವರ್ಕ್‌ಶಾಪ್ ಪಕ್ಕ. ಹಿಂದೆ ಆದಿಕರ್ನಾಟಕಪುರ ಅಂತಿದ್ದದ್ದು. ತಾತ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಮೂರು ಒಲೆ, ಹನ್ನೆರಡು ಜನ. ಕೆಳಗೆ ತಾತ ಮತ್ತು ನಾವು, ಮೇಲೆ ದೊಡ್ಡಪ್ಪ, ಹಿಂದುಗಡೆ ಶೀಟು ಹಾಕಿ ಚಿಕ್ಕಪ್ಪ. ಹಂಚಿಕೊಂಡು ಹಂಚಿಕೊಂಡು ಗೋಡೆ ನಮ್ಮ ಹತ್ತಿರ ಬಂದಿದೆ. ನಾನು ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅಮ್ಮನನ್ನ ಕರ್ಕೊಂಡು ಬೇರೆ ಮನೆ ಮಾಡೋಣ ಅಂತ ಹೊರಟೆ. ಆಫೀಸು ಹತ್ತಿರ ಆಗಲಿ ಅಂತ ನಿಮ್ಮ ಕಡೆಯೇ ಹುಡುಕಿದೆ.

"ಮನೆ ಬಾಡಿಗೆಗೆ ಇದೆ" ಬೋರ್ಡು. ಒಳಗೆ ಕರೆದರು, ಮನೆ ತೋರಿಸಿದರು, ಅಡುಗೆಮನೆ ಕಲ್ಲು ಹೊಸದು ಅಂದರು, ಬಾಡಿಗೆ, ಅಡ್ವಾನ್ಸು ಎಲ್ಲ ಮಾತಾಯ್ತು. ಈಗ ಎಲ್ಲಿದ್ದೀರಿ ಅಂತ ಕೇಳಿದರು. ಅಶೋಕಪುರಂ ಅಂದೆ. "ಹೌದಾ... ನಮ್ಮ ಮಗನನ್ನ ಒಂದು ಮಾತು ಕೇಳಿ ಹೇಳ್ತೀವಿ." ನಾಲ್ಕು ಮನೆಯಲ್ಲಿ ಹೀಗೇ ಆಯ್ತು. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ, ಎಲ್ಲರೂ ಕಾಫಿ ಬೇಕಾ ಅಂತಲೇ ಕೇಳಿದರು. ಆ ಬೋರ್ಡು ಮೂರು ತಿಂಗಳಾದರೂ ಅಲ್ಲೇ ನೇತಾಡ್ತಿತ್ತು. ನಾನು ದಿನಾ ಅದೇ ದಾರಿಯಲ್ಲಿ ಬಸ್ ಸ್ಟಾಪಿಗೆ ಹೋಗ್ತಿದ್ದೆ.

ನಿಮ್ಮ ಬೀದಿಗೂ ನಮ್ಮ ಬೀದಿಗೂ ನಡೆದು ಹೋದರೆ ಎಷ್ಟು ದೂರ ಅಂತ ನಿಮಗೇ ಗೊತ್ತು. ಎರಡನ್ನೂ ಒಂದೇ ಹಾಳೆ ಮೇಲೆ ಬರೀರಿ, ಅಷ್ಟೇ ನಾನು ಕೇಳೋದು.

ರಾಜೀವ್‌ನಗರದವರು

ತಂಗಿ, ನಿಮ್ಮ ಜಾಗದಲ್ಲಿ ನನ್ನ ಹೆಸರು ಹಾಕಿದರೂ ಅದೇ ಕಥೆ. ನಾವು ಲಷ್ಕರ್ ಮೊಹಲ್ಲಾದಲ್ಲಿ ಬಾಡಿಗೆಗಿದ್ದವರು. ಅಬ್ಬಾ ಇಪ್ಪತ್ತು ಮೂವತ್ತರ ಸೈಟು ತಗೊಂಡು ಇತ್ತ ಬಂದರು. ಎಲ್ಲಾದರೂ ಕೊಡ್ತಾರೆ ಅಂದಿದ್ದರೆ ಎಲ್ಲರೂ ಬಂದು ಇಲ್ಲೇ ಯಾಕೆ ತುಂಬಿಕೊಳ್ತಿದ್ವಿ? ಈಗ ಮೂರು ಅಂತಸ್ತು, ಹೊರಗಿಂದ ಕಬ್ಬಿಣದ ಮೆಟ್ಟಿಲು, ಒಂದೊಂದು ಅಂತಸ್ತಿಗೆ ಒಬ್ಬೊಬ್ಬ ತಮ್ಮ. ಕೆಳಗಿನ ಹಜಾರದಲ್ಲೇ ಹೆಂಗಸರು ಅಗರಬತ್ತಿ ಹೊಸೆಯೋದು, ರಾತ್ರಿ ಅದೇ ಮಲಗೋ ಜಾಗ. ಗಣತಿಯವರು ಈ ರೂಮು ವಾಸಕ್ಕೋ ಕೆಲಸಕ್ಕೋ ಅಂತ ಕೇಳಿದರೆ ಎರಡಕ್ಕೂ ಅನ್ನಬೇಕು.

ಚಾಮರಾಜಪುರಂ ವಾಸಿ

ಎರಡು ದಿನದಿಂದ ಉತ್ತರ ಬರೆಯೋಕೆ ಕೂತು ಕೂತು ಎದ್ದೆ.

ಅಶೋಕಪುರಂ ಹುಡುಗಿ, ಮಗಳೇ ಅಂತಲೇ ಕರೀತೀನಿ. ನೀನು ಹೇಳಿದ ಬೋರ್ಡು ನಮ್ಮ ಬೀದಿಯದ್ದಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ. "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬರೆದ ಬೋರ್ಡು ನಾನೇ ಓದಿಕೊಂಡು ಹೋಗಿದ್ದೀನಿ. ಅದು ಮನೆ ಮಾಲೀಕರ ಇಷ್ಟ ಅಂತ ಸುಮ್ಮನಿದ್ದೆ. ಹನ್ನೊಂದು ಬೀಗ ಎಣಿಸಿದವಳು ಆ ಬೋರ್ಡು ಎಣಿಸಲಿಲ್ಲ, ಅದು ನನ್ನ ತಪ್ಪು. ಎರಡು ಬೀದಿಯನ್ನೂ ಒಂದೇ ಹಾಳೆಯಲ್ಲಿ ಬರೆಯೋಣ. ನೀನೂ ಜೊತೆಗೆ ಬರ್ತೀಯಾ?

ರಿಂಗ್ ರೋಡ್ ಆಚೆಯವಳು

ನಾವು ಶ್ರೀರಾಂಪುರದಿಂದಲೂ ಮುಂದೆ. ಮೊದಲು ಗ್ರಾಮ ಪಂಚಾಯಿತಿ, ಆಮೇಲೆ ಪಟ್ಟಣ ಪಂಚಾಯಿತಿ ಆಯ್ತು. ಬೋಗಾದಿ, ರಮ್ಮನಹಳ್ಳಿ, ಕಡಕೊಳ ಕೂಡ ಹಾಗೇ ಆಗಿದ್ದು, ಹೂಟಗಳ್ಳಿಗೆ ನಗರಸಭೆ. ವಿಳಾಸದಲ್ಲಿ ಮೈಸೂರು ಅಂತ ಬರೀತೀವಿ, ಪಾಲಿಕೆಯ 65 ವಾರ್ಡು ಅಂತ ಮಾಡಿದಾಗ ಅದರಲ್ಲಿ ನಾವಿರಲಿಲ್ಲ.

ಚಾಮರಾಜಪುರಂನವರು ನೆಲ ಯಾವ ಕಡೆ ಇಳಿಯುತ್ತೆ ಅಂತ ಕೇಳಿದ್ರಲ್ಲ, ಆ ಪ್ರಶ್ನೆಯನ್ನ ನಾವು ಸೈಟು ತಗೊಳ್ಳುವಾಗ ಕೇಳಿದ್ದರೆ ಚೆನ್ನಾಗಿತ್ತು. ಮೂವತ್ತು ನಲವತ್ತು, ಪೂರ್ವ ದಿಕ್ಕು, ವಾಸ್ತು ಎಲ್ಲ ನೋಡಿದ್ವಿ. ಬೇಸಿಗೆಯಲ್ಲಿ ನೋಡಿದಾಗ ಒಣ ನೆಲ, ಕಲ್ಲು ನೆಟ್ಟಿದ್ದರು, ರಸ್ತೆಗೆ ಜಲ್ಲಿ ಹಾಕಿದ್ದರು. ಮನೆಯಾದ ಎರಡನೇ ವರ್ಷ ಮಳೆ ಹಿಡೀತು. ರಾತ್ರಿ ಎರಡು ಗಂಟೆಗೆ ಕಾಲು ಕೆಳಗಿಟ್ಟೆ, ನೀರು. ಅಕ್ಕಿ ಡಬ್ಬ ತೇಲ್ತಾ ಇತ್ತು. ಮಗುವನ್ನ ಅಟ್ಟದ ಮೇಲೆ ಕೂರಿಸಿ ನಾವಿಬ್ಬರೂ ಬೆಳಗಾಗೋ ತನಕ ಚೊಂಬು, ಬಕೆಟ್ಟಿನಲ್ಲಿ ತೋಡಿದ್ವಿ. ನೀರು ಇಳಿದ ಮೇಲೆ ಗೋಡೆ ಮೇಲೆ ಉಳಿದ ಕೆಸರಿನ ಗೆರೆ ಸ್ವಿಚ್ ಬೋರ್ಡಿಗಿಂತ ಒಂದು ಗೇಣು ಕೆಳಗಿತ್ತು.

ಆಮೇಲೆ ಊರಿನ ಹಿರಿಯರೊಬ್ಬರು ಬಂದು ನೋಡಿ, "ಅವ್ವಾ, ಇದು ಹಳ್ಳ. ಕೆರೆಗೆ ನೀರು ಹೋಗೋ ದಾರಿ" ಅಂದರು. ಗ್ರಾಮ ನಕ್ಷೆ ತೆಗೆಸಿ ನೋಡಿದರೆ ನಮ್ಮ ಬೀದಿ ಹಿಂದೆಯೇ ಹಳ್ಳದ ಗುರುತು, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕರ ಉಪಯೋಗಕ್ಕೆ ಅಂತ ಬಿಟ್ಟ ಜಾಗ. ಸೈಟು ಮಾರಿದವರು ಅದಕ್ಕೆ ಮಣ್ಣು ತುಂಬಿದ್ದರು. ಸೈಟು ತಗೊಳ್ಳೋರಿಗೆ ಕೈ ಮುಗಿದು ಹೇಳ್ತೀನಿ, ಬ್ರೋಷರ್ ಬಿಡಿ, ಗ್ರಾಮ ನಕ್ಷೆ ನೋಡಿ. ಮಳೆಗಾಲದಲ್ಲಿ ಒಂದು ಸಲ ಹೋಗಿ ನಿಂತುಕೊಳ್ಳಿ.

ಖಾತೆ ವಿಷಯಕ್ಕೆ ಹೋಗಲ್ಲ, ಅದನ್ನ ಬರೆಯೋಕೆ ಕೂತರೆ ಇವತ್ತು ಅಡುಗೆ ಆಗಲ್ಲ.

ಗಣತಿ ಮೇಷ್ಟ್ರು

ತಾಯಿ, ನಿಮ್ಮ ಅನುಭವಕ್ಕೆ ಒಂದು ವಿವರಣೆ ಸೇರಿಸ್ತೀನಿ, ಭೂಗೋಳ ಪಾಠ ಮಾಡಿದವನು ನಾನು.

ಮೈಸೂರು ಕೂತಿರೋದು ಕಾವೇರಿ ಮತ್ತು ಕಪಿಲೆಯ (ಕಬಿನಿ) ನಡುವಿನ ದಿಣ್ಣೆ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್. ಚಾಮುಂಡಿ ಬೆಟ್ಟ ಸಾವಿರ ಮೀಟರ್ ದಾಟುತ್ತೆ. ಊರ ಮಧ್ಯೆ ನದಿ ಇಲ್ಲ, ಬಿದ್ದ ಮಳೆ ಮೂರು ಕಡೆಗೆ ಹರಿದು ಹೋಗಬೇಕು. ಉತ್ತರಕ್ಕೆ ಬಿದ್ದದ್ದು ಕೆಸರೆ ಕಡೆ ಇಳಿದು ಕಾವೇರಿ ದಿಕ್ಕಿಗೆ. ದಕ್ಷಿಣದ್ದು ವಿದ್ಯಾರಣ್ಯಪುರಂ ಮೇಲೆ ದಳವಾಯಿ ಕೆರೆ ಕಡೆಗೆ. ನೈರುತ್ಯದ್ದು ಮಳಲವಾಡಿ ಕಣಿವೆಗೆ. ದಕ್ಷಿಣದವೆರಡೂ ಕಪಿಲೆಯ ಕಡೆಗೇ. ಚರಂಡಿ ನೀರು ಶುದ್ಧ ಮಾಡೋ ಘಟಕಗಳನ್ನ ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆಯಲ್ಲೇ ಯಾಕೆ ಕಟ್ಟಿದರು ಅಂದರೆ ಈ ಮೂರು ಇಳಿಜಾರೇ ಕಾರಣ. ಕುಡಿಯೋ ನೀರಿನದು ಇದಕ್ಕೆ ತಿರುಗಾಮುರುಗಾ, ನದಿಯಿಂದ ಮೇಲಕ್ಕೆತ್ತಿ ಯಾದವಗಿರಿ ದಿಣ್ಣೆಗೆ ಏರಿಸಿ ಅಲ್ಲಿಂದ ಇಳಿಸಬೇಕು.

ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಕೆರೆ ಕಟ್ಟಿಕೊಂಡರು. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಊರೊಳಗಿದ್ದವು ಮುಚ್ಚಿಹೋದವು. ದೊಡ್ಡಕೆರೆ ಈಗ ಮೈದಾನ, ದಸರಾ ವಸ್ತುಪ್ರದರ್ಶನ ನಡೆಯೋ ಜಾಗ. ಸುಬ್ಬರಾಯನಕೆರೆಯಲ್ಲಿ ನೀರಿಲ್ಲ, ಜೀವರಾಯನಕಟ್ಟೆಯಲ್ಲಿ ಹುಡುಗರು ಕ್ರಿಕೆಟ್ ಆಡ್ತಾರೆ. ಹೆಸರು ಮಾತ್ರ ಕೆರೆ, ಕಟ್ಟೆ ಅಂತ ಉಳೀತು. ನಿಮ್ಮ ಮನೆ ಹಿಂದಿನ ಹಳ್ಳಕ್ಕೆ ಹೆಸರೂ ಉಳಿಸಲಿಲ್ಲ.

ಮಂಡ್ಯದ ಸೊಸೆ

ಒಂದು ಮಾತು ಮಂಡ್ಯ ಕಡೆಯಿಂದ. 2011ರಲ್ಲಿ ನಮ್ಮ ಪಟ್ಟಣದಲ್ಲಿ 1.37 ಲಕ್ಷ ಜನ. ನಿಮಗೆ ದಿಣ್ಣೆ, ನಮಗೆ ಗದ್ದೆ ಬಯಲು. ಮಾವನವರು ಕಬ್ಬಿನ ಗದ್ದೆಯಲ್ಲೇ ಪಾಯ ತೆಗೆಸಿದರು. ನಾಲೆಗೆ ನೀರು ಬಿಟ್ಟರೆ ನಾಲ್ಕೈದು ದಿನಕ್ಕೆ ನಮ್ಮ ಸಂಪಿನ ಗೋಡೆ ಬೆವರುತ್ತೆ. ನೀರು ಬಿಟ್ಟರು ಅಂತ ತಿಳಿಯೋಕೆ ಪೇಪರ್ ನೋಡಬೇಕಿಲ್ಲ.

ಬೀಗದ ಮನೆಯ ಮಗ

ಬೆಂಗಳೂರಿನಿಂದ ಬರೀತಿದ್ದೀನಿ. ಚಾಮರಾಜಪುರಂ ಆಂಟಿ ಎಣಿಸಿದ ಹನ್ನೊಂದರಲ್ಲಿ ಒಂದು ನಮ್ಮದಿರಬಹುದು. ಹಾಗಾಗಿ ಬೀಗ ಯಾಕೆ ಬಿತ್ತು ಅಂತ ಹೇಳಬೇಕು ಅನ್ನಿಸ್ತು.

ಖಾತೆ ಇವತ್ತಿಗೂ ತಾತನ ಹೆಸರಲ್ಲಿದೆ. ತಾತ ವಿಲ್ ಬರೆದಿಲ್ಲ. ಮಕ್ಕಳು ಐದು ಜನ, ಅದರಲ್ಲಿ ಇಬ್ಬರು ತೀರಿಕೊಂಡರು, ಅವರ ಮಕ್ಕಳು ಸೇರಿ ಈಗ ಒಂಬತ್ತು ಜನರ ಸಹಿ ಬೇಕು. ಒಬ್ಬರು ಅಮೆರಿಕದಲ್ಲಿ, ಒಬ್ಬರು ಮಾತು ಬಿಟ್ಟಿದ್ದಾರೆ. ಬಾಡಿಗೆಗೆ ಕೊಟ್ಟರೆ ಬಾಡಿಗೆ ಯಾರು ತಗೋಬೇಕು ಅನ್ನೋ ಜಗಳ, ರಿಪೇರಿ ಮಾಡಿಸಿದರೆ ಖರ್ಚು ಯಾರದು ಅನ್ನೋ ಜಗಳ. ಮದ್ರಾಸ್ ತಾರಸಿ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿದ ಛಾವಣಿ, ಒಂದು ಕಡೆ ತೊಲೆಗೆ ಗೆದ್ದಲು ಹತ್ತಿದೆ. ನಾನು ವರ್ಷಕ್ಕೆರಡು ಸಲ ಬಂದು ಬಾಗಿಲು ತೆಗೆದು ಕಸ ಗುಡಿಸಿ ಹೋಗ್ತೀನಿ. ಅಡುಗೆಮನೆಯ ಕಾವಿ ನೆಲದಲ್ಲಿ ಅಜ್ಜಿ ಕೂರ್ತಿದ್ದ ಜಾಗ ಒಂದು ನುಣುಪಾಗಿ ಬೇರೆಯೇ ಹೊಳೆಯುತ್ತೆ.

ಅಶೋಕಪುರಂನವರು ಬರೆದದ್ದನ್ನ ಓದಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮುಂಭಾಗದ ಮನೆಯನ್ನಾದರೂ ಬಾಡಿಗೆಗೆ ಕೊಡೋಣ, ಬಂದ ಹಣದಲ್ಲಿ ತೊಲೆ ಸರಿ ಮಾಡಿಸೋಣ, ಯಾವ ಜನ ಅಂತ ಯಾರೂ ಕೇಳೋದು ಬೇಡ ಅಂದೆ. ಅವರು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಅಶೋಕಪುರಂ ಹುಡುಗಿ

ಈ ಭಾನುವಾರ ಬರ್ತೀನಿ ಅಮ್ಮ. ಬೆಳಿಗ್ಗೆ ಏಳಕ್ಕೆ ಚಾಮರಾಜಪುರಂ ರೈಲ್ವೆ ಸ್ಟೇಷನ್ ಹತ್ತಿರ. ಡ್ರಾಯಿಂಗ್ ಶೀಟು ನಾನು ತರ್ತೀನಿ.

ಚಾಮರಾಜಪುರಂ ವಾಸಿ

ಭಾನುವಾರ ಹೋಗಿ ಬಂದ್ವಿ. ಮೇಷ್ಟ್ರು, ಕೊಪ್ಪಲಿನ ಹುಡುಗ, ಅಶೋಕಪುರಂ ಮಗಳು, ನಾನು. ಮೇಷ್ಟ್ರು ಹೇಳಿಕೊಟ್ಟ ಹಾಗೆ ಚೌಕ, ತ್ರಿಕೋನ ಹಾಕಿ ಮೊದಲು ನಮ್ಮ ಬೀದಿ ಬರೆದ್ವಿ. ಹಿತ್ತಲು, ಮಹಡಿ, ಔಟ್‌ಹೌಸು ಎಲ್ಲ ಹತ್ತಿ ಇಳಿದು ಬಾಗಿಲು ಎಣಿಸಿದರೆ ನನ್ನ 38 ಗೇಟಿನೊಳಗೆ 61 ಮನೆ. ಒಲೆ ಹತ್ತೋದು 41ರಲ್ಲಿ, ಕ್ಲಿನಿಕ್ಕು ಟ್ಯೂಷನ್ನು ಆಫೀಸು ಆರು, ಬೀಗ ಹದಿನಾಲ್ಕು. ನಲವತ್ತು ವರ್ಷ ಇದ್ದ ಬೀದಿಯಲ್ಲಿ ಒಂದು ಔಟ್‌ಹೌಸಿನಲ್ಲಿ ಐದು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕನ್ಸರ್ವೆನ್ಸಿ ಗಲ್ಲಿಯಿಂದ ಓಡಾಡ್ತಾರೆ, ಮುಂದಿನ ಗೇಟಿಗೆ ಬರೋ ಹಾಗಿಲ್ಲವಂತೆ.

ಅಶೋಕಪುರಂನಲ್ಲಿ ಒಂದೇ ಬೀದಿ ಮುಗಿಸೋ ಹೊತ್ತಿಗೆ ಹನ್ನೊಂದೂವರೆ ಆಯ್ತು. ಪ್ರತಿ ಮನೆಯಲ್ಲೂ ನಿಲ್ಲಿಸಿ ಮಾತಾಡಿಸಿದರು. ಹಾಳೆ ಸಾಲದೆ ಇನ್ನೊಂದು ಅಂಟಿಸಬೇಕಾಯ್ತು. ಅವಳ ತಾತ ನಕಾಶೆ ನೋಡಿ, ಒಂದು ಮೂಲೆ ತೋರಿಸಿ, "ಇಲ್ಲಿ ಬಾವಿ ಇತ್ತು, ಬರ್ಕೊಳ್ಳಿ" ಅಂದರು. ಬರೆದುಕೊಂಡ್ವಿ.

ಬೀಗದ ಮನೆಯ ಮಗನಿಗೆ ಒಂದು ವಿಷಯ. ನೀನು ಹೇಳಿದ ಗುರುತಿನ ಮನೆ ಸಿಕ್ಕಿತು ಅಂದುಕೊಂಡಿದ್ದೀನಿ. ಬಾಗಿಲ ಪಟ್ಟಿಯ ಬಲಗಡೆ ಧೂಳು ಒರೆಸಿದರೆ ಹಳೇ ಗಣತಿ ನಂಬರು ಇನ್ನೂ ಇದೆ, ಕೆಂಪು ಬಣ್ಣ, ಅರ್ಧ ಅಳಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಹತ್ತಿರ ಹೋಗಿ ಓದಿದರು. 9(1). ಪಕ್ಕದ ಬಾಗಿಲ ಮೇಲೆ 9(2) ಇರಬೇಕಿತ್ತು, ಅಲ್ಲಿ ಸುಣ್ಣ ಬಳಿದಿದ್ದಾರೆ. ಚಿಕ್ಕಪ್ಪ ಹೂಂ ಅಂದ ದಿನ ತಿಳಿಸು, ಬೀಗದ ಕೈ ನನ್ನ ಹತ್ತಿರ ಬಿಟ್ಟು ಹೋಗಬಹುದು. ಮನೆ ನೋಡೋಕೆ ಬರೋರಿಗೆ ನಾನೇ ಬಾಗಿಲು ತೆಗೆದು ತೋರಿಸ್ತೀನಿ.

ರಾಜೀವ್‌ನಗರದವರು ಮುಂದಿನ ಭಾನುವಾರ ತಮ್ಮ ಬೀದಿಗೆ ಕರೆದಿದ್ದಾರೆ. ಏಳು ಗಂಟೆಗೇ ಹೊರಡೋಣ, ಎಂಟರ ಮೇಲೆ ಅಲ್ಲಿ ಸ್ಕೂಟರ್ ನಿಲ್ಲಿಸೋಕೆ ಜಾಗ ಇರಲ್ಲವಂತೆ.